ಡೊಂಬಿವಲಿಯ ಕೋಣೆಯಿಂದ ವೇದಿಕೆಗೆ: ಆನ್‌ಲೈನ್ ತಾಲೀಮಿನ ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಮಗ್ಗುಲಿನ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ, ಮನೆಯೊಳಗೆ ಧಾರವಾಡದ ಕನ್ನಡವನ್ನೂ ಹೊರಗೆ ಮರಾಠಿಯನ್ನೂ ಆಡುವ ಇಪ್ಪತ್ತನಾಲ್ಕರ ಹೆಣ್ಣುಮಗಳೊಬ್ಬಳು ನಾಲ್ಕು ವರ್ಷ ಧಾರವಾಡದ ಗುರುಗಳಿಂದ ಮೊಬೈಲ್ ಪರದೆಯ ಮೂಲಕವೇ ಹಿಂದೂಸ್ತಾನಿ ಸಂಗೀತದ ಖಯಾಲ್ ಗಾಯನ ಕಲಿತಳು. ಐದನೆಯ ವರ್ಷ ಡೊಂಬಿವಲಿ, ಪುಣೆ, ಗೋವಾ ಮತ್ತು ಮುಂಬಯಿಯ ಮಾಟುಂಗಾದಲ್ಲಿ ನಾಲ್ಕು ಕಛೇರಿಗಳ ಒಂದು ಚಿಕ್ಕ ಪ್ರವಾಸ ಅವಳಿಗೆ ಒದಗಿ ಬಂತು. ಪುಣೆಯಲ್ಲಿ ನೆಲೆಸಿ ಮೂವತ್ತು ವರ್ಷಗಳಿಂದ ಹಾರ್ಮೋನಿಯಂ ಸಾಥ್ (ಪಕ್ಕವಾದ್ಯ) ಮಾಡುತ್ತಿರುವ ನಾನು ನಾಲ್ಕರಲ್ಲೂ ಅವಳ ಪಕ್ಕದಲ್ಲಿ ಕುಳಿತಿದ್ದೆ. ಮೊದಲ ಮೂರು ಕಛೇರಿಗಳಲ್ಲಿ ಒಂದರ ಹಿಂದೆ ಒಂದರಂತೆ ಕಾಣಿಸಿಕೊಂಡ ತೊಂದರೆಗಳು ನನ್ನನ್ನು ಯೋಚನೆಗೆ ಹಚ್ಚಿದವು. ಏಕೆಂದರೆ ಈ ಹುಡುಗಿಗೆ ಪ್ರತಿಭೆಯ ಕೊರತೆ ಇರಲಿಲ್ಲ, ರಿಯಾಜಿನ (ಅಭ್ಯಾಸದ) ಕೊರತೆಯಂತೂ ಇರಲೇ ಇಲ್ಲ. ಆದ ತಪ್ಪುಗಳು ಎಲ್ಲಿಂದ ಬಂದವು ಎಂದು ಹುಡುಕುತ್ತ ಹೋದಾಗ ಅವುಗಳಲ್ಲಿ ಹೆಚ್ಚಿನವು ಪಾಠದ ಮಾಧ್ಯಮದಲ್ಲಿಯೇ ಹುಟ್ಟಿದ್ದವು ಎಂಬುದು ತಿಳಿಯಿತು. ಈ ಬರಹಕ್ಕೆ ಆಧಾರ ಮೂರು ಕಛೇರಿಗಳ ಧ್ವನಿಮುದ್ರಿಕೆ, ಅವಳು ಉಳಿಸಿಕೊಂಡಿದ್ದ ಸುಮಾರು ನಲವತ್ತು ಪಾಠಗಳ ರೆಕಾರ್ಡಿಂಗ್, ನನ್ನ ದಿನಚರಿ ಹಾಗೂ ಗುರು-ಶಿಷ್ಯೆ ಇಬ್ಬರೊಂದಿಗೂ ನಡೆಸಿದ ಮಾತುಕತೆ. ಇಬ್ಬರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಅವರ ಹೆಸರುಗಳನ್ನು ಮಾತ್ರ ಬಿಟ್ಟಿದ್ದೇನೆ.

ಹಿನ್ನೆಲೆ

ತಂದೆ ಬ್ಯಾಂಕಿನ ನೌಕರಿಗಾಗಿ ಧಾರವಾಡ ಬಿಟ್ಟು ಮುಂಬಯಿಗೆ ಬಂದವರು. ತಾಯಿ ಮನೆಯಲ್ಲಿ ದಾಸರ ಪದ ಹಾಡುವವರು, ಮಗಳಿಗೆ ಸರಿಗಮದ ಮೊದಲ ಪಾಠ ಹೇಳಿಕೊಟ್ಟವರೂ ಅವರೇ. ಶಾಲೆ-ಕಾಲೇಜಿನ ದಿನಗಳಲ್ಲಿ ಹತ್ತಿರದ ಸಂಗೀತ ತರಗತಿಗೆ ಹೋಗಿ, ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಮಧ್ಯಮಾ ಪೂರ್ಣ ಪರೀಕ್ಷೆಯವರೆಗೆ ಅವಳು ಮುಗಿಸಿದ್ದಳು. 2020ರ ಲಾಕ್‌ಡೌನಿನಲ್ಲಿ ಆ ತರಗತಿ ಮುಚ್ಚಿತು. ತಾಯಿಯ ಕಡೆಯ ಪರಿಚಯದಿಂದ ಧಾರವಾಡದ ಹಿರಿಯ ಗಾಯಕರೊಬ್ಬರು ಪರದೆಯ ಮೇಲೆ ಪಾಠ ಹೇಳಲು ಒಪ್ಪಿದರು.

ಕನ್ನಡ ನಾಡಿನ ಹಿಂದೂಸ್ತಾನಿ ಸಂಗೀತಕ್ಕೂ ಮುಂಬಯಿ-ಪುಣೆಗೂ ಇರುವ ನಂಟು ಹಳೆಯದು. ಬೆಳಗಾವಿ ಸೀಮೆಯ ಶಿವಪುತ್ರ ಕೊಂಕಾಳಿಮಠ ಎಂಬ ಹುಡುಗ ಹನ್ನೊಂದು-ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಯ ಬಿ. ಆರ್. ದೇವಧರರ ಶಾಲೆಗೆ ಬಂದು ಕುಮಾರ ಗಂಧರ್ವರಾಗಿ ಬೆಳೆದರು. ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಅದೇ ಸವಾಯಿ ಗಂಧರ್ವರ ನೆನಪಿಗಾಗಿ ಭೀಮಸೇನ ಜೋಶಿಯವರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ನಡೆಯುತ್ತದೆ. ಇವರೆಲ್ಲರೂ ಗುರುವಿನ ಬಳಿಗೆ ತಾವೇ ಹೋದವರು. ನಮ್ಮ ಪ್ರಕರಣದಲ್ಲಿ ಶಿಷ್ಯೆ ಮುಂಬಯಿಯ ಮಗ್ಗುಲಲ್ಲಿದ್ದಾಳೆ, ಗುರುಗಳು ಧಾರವಾಡದಲ್ಲಿದ್ದಾರೆ, ನಡುವಿನ 500 ಕಿಲೋಮೀಟರನ್ನು ಇಬ್ಬರೂ ನಾಲ್ಕು ವರ್ಷ ದಾಟಲೇ ಇಲ್ಲ.

ಈ ನಾಲ್ಕು ವರ್ಷಗಳಲ್ಲಿ ಅವಳು ಕಲಿತದ್ದು ಕಡಿಮೆಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಯಮನ್, ಭೀಮಪಲಾಸ, ಪೂರಿಯಾ ಧನಾಶ್ರೀ, ಮಾರೂ ಬಿಹಾಗ ಸೇರಿದಂತೆ ಹದಿನಾಲ್ಕು ರಾಗಗಳಲ್ಲಿ ಅವಳಿಗೆ ನಿಧಾನ ಲಯದ ಬಡಾ ಖಯಾಲ್ ಮತ್ತು ವೇಗದ ಛೋಟಾ ಖಯಾಲ್ ಕಂಠಪಾಠವಾಗಿವೆ. ರಾಗದ ಚಲನೆ ಸ್ವಚ್ಛವಾಗಿದೆ, ಬಂದಿಶಿನ (ಹಾಡಿನ ರಚನೆಯ) ಮಾತುಗಳ ಉಚ್ಚಾರ ಸ್ಪಷ್ಟವಾಗಿದೆ. ಒಂದೇ ಪಾಠವನ್ನು ಹತ್ತು ಸಲ ಮತ್ತೆ ಕೇಳುವ ಅನುಕೂಲ ಹಿಂದಿನ ಎಷ್ಟೋ ಶಿಷ್ಯರಿಗೆ ಇರಲಿಲ್ಲ. ಅವಳು ಅದನ್ನು ಪೂರ್ತಿ ಬಳಸಿಕೊಂಡಿದ್ದಾಳೆ. ಇದರ ಜೊತೆಗೆ ವೇದಿಕೆಯ ಕೆಲಸದ ಬಗ್ಗೆ, ಅಂದರೆ ಮೈಕು, ಮಿಕ್ಸರ್, ಪ್ರವಾಸದ ಏರ್ಪಾಡು, ಕರಾರು ಪತ್ರ ಇವುಗಳ ಬಗ್ಗೆ ಇನ್ನೊಂದು ಆನ್‌ಲೈನ್ ತರಗತಿಯನ್ನೂ ಮುಗಿಸಿದ್ದಳು.

ಡೊಂಬಿವಲಿ: ಲಯ ಓಡಿದ ಸಂಜೆ

ಮೊದಲ ಕಛೇರಿ ಅವಳ ಊರಿನಲ್ಲೇ, ಡಿಸೆಂಬರಿನ ಒಂದು ಭಾನುವಾರ ಸಂಜೆ, ಎಂಬತ್ತು ಜನ ಕೂರಬಹುದಾದ ಒಂದು ಚಿಕ್ಕ ಸಭಾಗೃಹದಲ್ಲಿ ನಡೆಯಿತು. ತಬಲಾಕ್ಕೆ ಬೆಳಗಾವಿ ಮೂಲದ, ಠಾಣೆಯಲ್ಲಿ ನೆಲೆಸಿರುವ ನನ್ನ ಹಳೆಯ ಗೆಳೆಯರಿದ್ದರು. ಪೂರಿಯಾ ಧನಾಶ್ರೀಯ ವಿಲಂಬಿತ (ನಿಧಾನ ಲಯದ) ಏಕತಾಲ ಚೆನ್ನಾಗಿಯೇ ಸಾಗಿತು. ಅವಳು ನಿಧಾನವಾಗಿ ಬಡತ್ ಮಾಡಿ (ರಾಗವನ್ನು ಒಂದೊಂದೇ ಸ್ವರವಾಗಿ ಬೆಳೆಸಿ), ಸಮ್ ಅನ್ನು, ಅಂದರೆ ತಾಳದ ಆವರ್ತನದ ಮೊದಲ ಎಣಿಕೆಯನ್ನು, ಸಲೀಸಾಗಿ ಹಿಡಿಯುತ್ತಿದ್ದಳು. ದ್ರುತ (ವೇಗದ) ತೀನ್‌ತಾಲ ಆರಂಭವಾದ ಮೇಲೆ ಲಯ ಏರತೊಡಗಿತು. ಎರಡು ಆವರ್ತನ ಕಳೆಯುವಷ್ಟರಲ್ಲಿ ತಬಲಾದವರು ನನ್ನತ್ತ ನೋಡಿದರು. ಮೂರು ನಿಮಿಷದೊಳಗೆ ಆರಂಭದ ಲಯಕ್ಕಿಂತ ನಾಲ್ಕನೇ ಒಂದು ಪಾಲು ಹೆಚ್ಚಾಗಿತ್ತು ಎಂಬುದನ್ನು ಆಮೇಲೆ ಧ್ವನಿಮುದ್ರಿಕೆ ಇಟ್ಟುಕೊಂಡು ಎಣಿಸಿ ನೋಡಿದೆವು. ತಾನುಗಳು (ವೇಗದ ಸ್ವರಗುಚ್ಛಗಳು) ಬಾಯಿಗೆ ಸಿಗದಂತಾಗಿ ಅವಳು ಎರಡು ಕಡೆ ಸಮ್ ತಪ್ಪಿದಳು. ಕಛೇರಿ ಮುಗಿದ ಮೇಲೆ ತಬಲಾದವರು ಅವಳ ತಲೆಯ ಮೇಲೆ ಕೈಯಿಟ್ಟು, "ತಂಗೀ, ನಿನ್ನ ಯಾರು ಬೆನ್ನ ಹತ್ಯಾರ? ನಾ ಇಲ್ಲೇ ಕುಂತೀನಲ್ಲ" ಎಂದರು.

ಹೊಸಬರಿಗೆ ವೇದಿಕೆಯ ಭಯದಿಂದ ಲಯ ಓಡುವುದುಂಟು. ಆದರೆ ಭಯವಿದ್ದರೆ ವಿಲಂಬಿತದಲ್ಲಿಯೂ ಅದು ಕಾಣಿಸಬೇಕಿತ್ತು. ವಿಲಂಬಿತ ನೆಟ್ಟಗಿದ್ದು ದ್ರುತ ಮಾತ್ರ ಓಡಿದ್ದೇಕೆ ಎಂಬ ಪ್ರಶ್ನೆಯೇ ನನ್ನನ್ನು ಅವಳ ಹಳೆಯ ಪಾಠಗಳ ರೆಕಾರ್ಡಿಂಗ್ ಕೇಳಲು ಕೂರಿಸಿತು.

ಮೊದಲ ವರ್ಷದ ಒಂದು ಪಾಠದಲ್ಲಿ ಗುರುಗಳು, "ನಿನ್ನ ಕಡೆ ತಂಬೂರಿ ಹಚ್ಚಿಲ್ಲೇನವಾ?" ಎಂದು ಕೇಳುತ್ತಾರೆ. ಅವಳ ಕೋಣೆಯಲ್ಲಿ ತಂಬೂರಿಯ ಆ್ಯಪ್ ಜೋರಾಗಿಯೇ ನುಡಿಯುತ್ತಿತ್ತು. ವಿಡಿಯೊ ಕರೆಯ ಆ್ಯಪ್‌ಗಳನ್ನು ಮಾತುಕತೆಗಾಗಿ ಮಾಡಿರುತ್ತಾರೆ. ಫ್ಯಾನು, ಏಸಿ, ರಸ್ತೆಯ ಗದ್ದಲ ಹೀಗೆ ಒಂದೇ ಸಮನೆ ಕೇಳಿಸುವ ಸದ್ದನ್ನು ಅವು ಬೇಡದ ಸದ್ದೆಂದು ಗುರುತಿಸಿ ಅಳಿಸಿಬಿಡುತ್ತವೆ. ತಂಬೂರಿಯ ಶ್ರುತಿಯೂ ಆ್ಯಪ್‌ಗೆ ಅಂಥದೇ ಸದ್ದು. ಹೀಗಾಗಿ ಅವಳ ಕಡೆಯ ತಂಬೂರಿ ಧಾರವಾಡ ಮುಟ್ಟುವುದರೊಳಗೆ ಮಾಯವಾಗುತ್ತಿತ್ತು, ತಬಲಾ ಆ್ಯಪ್‌ನ ಠೇಕಾ (ತಾಳದ ನಿಗದಿತ ಬಡಿತ) ತುಂಡುತುಂಡಾಗಿ ಕೇಳಿಸುತ್ತಿತ್ತು. ಇದಕ್ಕೆ ಗುರುಗಳು ಕಂಡುಕೊಂಡ ಉಪಾಯ ಸಹಜವಾದದ್ದೇ: ತಂಬೂರಿಯನ್ನೂ ಠೇಕಾವನ್ನೂ ತಮ್ಮ ಕಡೆಯಿಂದ ಹಚ್ಚಿ, ಅದನ್ನು ಕೇಳಿಸಿಕೊಂಡು ಹಾಡಲು ಹೇಳಿದರು.

ತೊಡಕು ಶುರುವಾದದ್ದು ಇಲ್ಲಿಯೇ. ಗುರುಗಳ ಠೇಕಾ ಅವಳ ಕಿವಿಗೆ ತಡವಾಗಿ ತಲುಪುತ್ತದೆ, ಅದಕ್ಕೆ ಹೊಂದಿಸಿ ಅವಳು ಹಾಡಿದ್ದು ಗುರುಗಳ ಕಿವಿಗೆ ಇನ್ನೊಮ್ಮೆ ತಡವಾಗಿ ತಲುಪುತ್ತದೆ. ದೂರವೇ ಈ ತಡಕ್ಕೆ ಕಾರಣವೆಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ 500 ಕಿಲೋಮೀಟರಿಗೆ ಎರಡೂವರೆ ಮಿಲಿಸೆಕೆಂಡು ಸಾಕು. ತಡವಾಗುವುದು ದನಿಯನ್ನು ಚಿಕ್ಕ ಚಿಕ್ಕ ಕಂತೆಗಳಾಗಿ ಕಟ್ಟುವುದರಲ್ಲಿ, ವೈಫೈ ಮತ್ತು ನಡುವಿನ ಯಂತ್ರಗಳನ್ನು ದಾಟುವುದರಲ್ಲಿ, ಮತ್ತು ಬಂದ ಕಂತೆಗಳು ಒಡೆಯದಂತೆ ಆಚೆ ಬದಿಯಲ್ಲಿ ಸ್ವಲ್ಪ ಹೊತ್ತು ಕೂಡಿಟ್ಟು ಬಿಚ್ಚುವುದರಲ್ಲಿ. ಇದನ್ನು ಅಳೆಯಲು ನಾವು ಗುರುಗಳಿಗೆ ಒಂದೇ ಸಮನೆ ಚಪ್ಪಾಳೆ ತಟ್ಟಲು ಹೇಳಿ, ಅವಳು ಇತ್ತ ಕೂಡಿ ತಟ್ಟುವಂತೆ ಮಾಡಿ, ಧಾರವಾಡದ ತುದಿಯಲ್ಲಿ ಎರಡನ್ನೂ ರೆಕಾರ್ಡ್ ಮಾಡಿಸಿದೆವು. ಹೋಗಿ ಬರುವ ತಡ ಸುಮಾರು 400 ಮಿಲಿಸೆಕೆಂಡು ಬಂತು. ಅವಳು ಬ್ಲೂಟೂತ್ ಇಯರ್‌ಫೋನ್ ಹಾಕಿಕೊಂಡಾಗ ಅದು ಇನ್ನೂ ಹೆಚ್ಚಾಯಿತು.

ಈ ಸಂಖ್ಯೆಯನ್ನು ತಾಳಕ್ಕೆ ಹಚ್ಚಿ ನೋಡಬೇಕು. ನಿಮಿಷಕ್ಕೆ 15 ಮಾತ್ರೆಯ (ತಾಳದ ಎಣಿಕೆಯ) ವಿಲಂಬಿತದಲ್ಲಿ ಒಂದು ಮಾತ್ರೆಗೆ 4 ಸೆಕೆಂಡು. 400 ಮಿಲಿಸೆಕೆಂಡು ಅದರ ಹತ್ತನೇ ಒಂದು ಪಾಲು, ಯಾರ ಲೆಕ್ಕಕ್ಕೂ ಬರುವುದಿಲ್ಲ. ನಿಮಿಷಕ್ಕೆ 120 ಮಾತ್ರೆಯ ಮಧ್ಯಲಯದಲ್ಲಿ ಒಂದು ಮಾತ್ರೆಗೆ 500 ಮಿಲಿಸೆಕೆಂಡು. ತಡವು ಮಾತ್ರೆಯ ಐದರಲ್ಲಿ ನಾಲ್ಕು ಪಾಲು. 240ರ ದ್ರುತದಲ್ಲಿ ತಡವು ಒಂದೂವರೆ ಮಾತ್ರೆಯನ್ನೂ ಮೀರುತ್ತದೆ. ಎದುರುಬದುರು ಕುಳಿತು ನುಡಿಸುವವರು ಸುಮಾರು 25ರಿಂದ 30 ಮಿಲಿಸೆಕೆಂಡಿನವರೆಗಿನ ತಡವನ್ನು ಸಹಿಸಿಕೊಂಡು ಒಂದಾಗಿ ಸಾಗಬಲ್ಲರು. ಗಾಳಿಯಲ್ಲಿ ದನಿ ಅಷ್ಟು ಹೊತ್ತಿನಲ್ಲಿ ಎಂಟು-ಹತ್ತು ಮೀಟರು ಸಾಗುತ್ತದೆ. ವೇದಿಕೆಯ ಮೇಲೆ ತಬಲಾ ನಮ್ಮಿಂದ ಒಂದು ಮಾರು ದೂರದಲ್ಲಿರುತ್ತದೆ.

ಮೊದಲ ವರ್ಷದ ರೆಕಾರ್ಡಿಂಗುಗಳಲ್ಲಿ ಗುರುಗಳ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: "ಹಿಂದ ಬೀಳಾಕತ್ತೀದಿ ನೋಡು, ಹಿಡಿ ಹಿಡಿ." ಅವಳು ಹಿಂದೆ ಬಿದ್ದಿರಲಿಲ್ಲ, ತಾನು ಕೇಳಿದ ಠೇಕಾಕ್ಕೆ ಸರಿಯಾಗಿಯೇ ಹಾಡುತ್ತಿದ್ದಳು. ಆದರೆ ಗುರುವಾಕ್ಯವನ್ನು ಮೀರುವ ಹುಡುಗಿ ಅವಳಲ್ಲ. ಆರೇಳು ತಿಂಗಳಲ್ಲಿ ಪ್ರತಿ ಮಾತ್ರೆಯನ್ನೂ ಒಂದಿಷ್ಟು ಮೊದಲೇ ಹಿಡಿಯುವುದನ್ನು ರೂಢಿಸಿಕೊಂಡಳು. ಗುರುಗಳ ಕಿವಿಗೆ ಅದು ಮೊದಲಿಗಿಂತ ಸರಿ ಎನ್ನಿಸಿತು, ಹಿಂದೆ ಬೀಳುತ್ತಿದ್ದೀ ಎಂಬ ಮಾತು ಕಡಿಮೆಯಾಯಿತು. ಹೀಗೆ ಇಲ್ಲದ ತಪ್ಪನ್ನು ತಿದ್ದುವ ಕ್ರಮದಲ್ಲಿ ಇರುವ ತಪ್ಪೊಂದು ಕುಳಿತುಬಿಟ್ಟಿತು.

ಎರಡನೆಯ ವರ್ಷದ ಕೊನೆಗೆ ಗುರುಗಳು ಪರದೆಯ ಮೇಲೆ ದ್ರುತ ಕಲಿಸುವುದನ್ನು ನಿಲ್ಲಿಸಿ, ಹಾಡಿ ರೆಕಾರ್ಡ್ ಮಾಡಿ ಕಳಿಸು ಎಂದರು. ಈ ತೀರ್ಮಾನ ಒಳ್ಳೆಯದೇ ಆಗಿತ್ತು. ಆದರೆ ದನಿ ಶುದ್ಧವಾಗಿ ಕೇಳಿಸಲಿ ಎಂದು ಅವಳು ತಬಲಾ ಆ್ಯಪ್‌ನ ಠೇಕಾವನ್ನು ಇಯರ್‌ಫೋನಿನಲ್ಲಿ ಮಾತ್ರ ಇಟ್ಟುಕೊಂಡು ಹಾಡುತ್ತಿದ್ದಳು. ಗುರುಗಳಿಗೆ ಹೋದ ಫೈಲಿನಲ್ಲಿ ಠೇಕಾವೇ ಇರಲಿಲ್ಲ. ಠೇಕಾ ಇಲ್ಲದ ಫೈಲಿನಲ್ಲಿ ಅವಳು ಅದಕ್ಕಿಂತ ಎಷ್ಟು ಮುಂದಿದ್ದಾಳೆ ಎಂಬುದನ್ನು ಯಾವ ಗುರುವೂ ಹಿಡಿಯಲಾರ.

ಇಷ್ಟಾದರೂ ಆ್ಯಪ್‌ನೊಂದಿಗೆ ಹಾಡುವಾಗ ಲಯ ಓಡಲಿಲ್ಲ ಎಂಬುದನ್ನು ಗಮನಿಸಬೇಕು. ಯಂತ್ರ ಬಗ್ಗುವುದಿಲ್ಲ, ಅವಳು ಎಷ್ಟೇ ಮುಂದೆ ತಳ್ಳಿದರೂ ಅದು ತನ್ನ ಲಯದಲ್ಲಿಯೇ ಇರುತ್ತದೆ. ಮನುಷ್ಯ ಬಗ್ಗುತ್ತಾನೆ. ಒಳ್ಳೆಯ ತಬಲಾವಾದಕನಂತೂ ಗಾಯಕಿಯ ಮನಸ್ಸನ್ನು ಅರಿತು ಹಿಂಬಾಲಿಸುತ್ತಾನೆ, ಅದೇ ಅವನ ವಿದ್ಯೆ. ಅವಳು ಕೂದಲೆಳೆಯಷ್ಟು ಮುಂದೆ ಹಿಡಿದಳು, ಅವರು ಅಲ್ಲಿಗೆ ಬಂದರು. ಅವರು ಬಂದದ್ದರಿಂದ ಅವಳು ಮತ್ತೆ ಕೂದಲೆಳೆಯಷ್ಟು ಮುಂದೆ ಹೋದಳು. ಡೊಂಬಿವಲಿಯಲ್ಲಿ ನಡೆದದ್ದು ಇದೇ. ಮೂವತ್ತು ವರ್ಷ ಪೇಟಿ (ಹಾರ್ಮೋನಿಯಂ) ಬಾರಿಸಿದ ಮೇಲೂ ಈ ಸೂಕ್ಷ್ಮ ನನಗೆ ಹೊಸದಾಗಿತ್ತು.

ಪುಣೆ: ಮಾನಿಟರಿನ ಮುಂದೆ

ಎರಡನೆಯ ಕಛೇರಿಗೆ ಅವಳು ಕಲ್ಯಾಣದಲ್ಲಿ ರೈಲು ಹತ್ತಿ ತಾಯಿಯೊಂದಿಗೆ ಪುಣೆಗೆ ಬಂದಳು. ಮಿರಜಿನಲ್ಲಿ ಮಾಡಿಸಿದ ತಂಬೂರಿಯನ್ನು ದಪ್ಪ ಗವಸಣಿಗೆಯಲ್ಲಿ ಸುತ್ತಿ, ತಾಯಿ ಅದರ ಬುರುಡೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದರಂತೆ. ಸಭಾಗೃಹ ದೊಡ್ಡದು, ಮುನ್ನೂರು ಜನ ಸೇರಿದ್ದರು.

ಸಂಘಟಕರಿಗೆ ಅವಳು ಮೊದಲೇ ಕಳಿಸಿದ್ದ ಪಟ್ಟಿ ಅಚ್ಚುಕಟ್ಟಾಗಿತ್ತು. ಗಾಯನಕ್ಕೆ ಒಂದು ಮೈಕು, ಎರಡು ತಂಬೂರಿಗಳ ನಡುವೆ ಒಂದು, ತಬಲಾಕ್ಕೂ ಅದರ ಎಡಗೈಯ ಜೋಡಿಯಾದ ಡಗ್ಗಾಕ್ಕೂ ಒಂದೊಂದು, ಹಾರ್ಮೋನಿಯಂಗೆ ಒಂದು, ಒಟ್ಟು ಐದು ಮೈಕು, ಮೂರು ಮಾನಿಟರು (ಕಲಾವಿದರಿಗೆ ತಮ್ಮ ದನಿ ಕೇಳಿಸಲು ವೇದಿಕೆಯ ಮೇಲೆ ಇಡುವ ಸ್ಪೀಕರು). ಯಾವ ಮೈಕಿಗೆ 48 ವೋಲ್ಟಿನ ಫ್ಯಾಂಟಮ್ ಪವರ್ (ಕೇಬಲಿನ ಮೂಲಕವೇ ಮೈಕಿಗೆ ಕೊಡುವ ವಿದ್ಯುತ್ತು) ಬೇಕು ಎಂಬುದನ್ನೂ ಬರೆದಿದ್ದಳು. ಆನ್‌ಲೈನ್ ತರಗತಿಯ ಈ ಭಾಗ ಸಂಪೂರ್ಣ ಫಲ ಕೊಟ್ಟಿದೆ. ಹಣದ ವ್ಯವಹಾರದಲ್ಲಿಯೂ ಹಾಗೆಯೇ. ಶಾಸ್ತ್ರೀಯ ಅಥವಾ ಜಾನಪದ ಸಂಗೀತದ ಒಂದು ಕಾರ್ಯಕ್ರಮಕ್ಕೆ ಕಲಾವಿದರು ಪಡೆಯುವ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ ಜಿಎಸ್‌ಟಿ ಇಲ್ಲ ಎಂಬುದು ಅವಳಿಂದಲೇ ನನಗೆ ತಿಳಿದದ್ದು.

ತೊಂದರೆ ಸೌಂಡ್ ಚೆಕ್ಕಿನಲ್ಲಿ ಕಾಣಿಸಿತು. ಮೈಕಿನವರು ಕೇಳುವುದು ಎರಡೇ ಪ್ರಶ್ನೆ: ಏನು ಹೆಚ್ಚು ಬೇಕು, ಏನು ಕಡಿಮೆ ಬೇಕು. ಅವಳು, "ನನ್ನ ದನಿ ಇನ್ನೂ ಸ್ವಲ್ಪ ಹೆಚ್ಚಿಸ್ರಿ" ಎಂದಳು, ಆಮೇಲೆ ಮತ್ತೊಮ್ಮೆ ಹೆಚ್ಚಿಸಿರೆಂದಳು. ನಾಲ್ಕು ವರ್ಷ ಕಿವಿಯೊಳಗೆ ಇಯರ್‌ಫೋನ್ ತುರುಕಿಕೊಂಡು ಹಾಡಿದವಳಿಗೆ ತೆರೆದ ವೇದಿಕೆಯಲ್ಲಿ ತನ್ನ ದನಿ ದೂರ ಹೋಗಿ ಕಳೆದುಹೋದಂತೆ ಅನ್ನಿಸಿದ್ದು ಸಹಜ. ಮಾನಿಟರಿನಲ್ಲಿ ದನಿ ಏರಿದಂತೆ ಅದೇ ದನಿ ಮೈಕಿಗೆ ಹೊಕ್ಕು, ಮತ್ತೆ ಮಾನಿಟರಿನಿಂದ ಹೊರಟು, ಸುತ್ತು ಹಾಕಿ ಸೀಟಿ ಹೊಡೆಯತೊಡಗಿತು. ಮೈಕಿನವರು ಆ ಸೀಟಿಯ ಸ್ವರಗಳನ್ನು ಈಕ್ವಲೈಜರಿನಲ್ಲಿ ಕತ್ತರಿಸುತ್ತ ಹೋದರು, ಕತ್ತರಿಸಿದಂತೆ ಅವಳ ದನಿ ಸಪ್ಪೆಯಾಯಿತು, ಸಪ್ಪೆಯಾದಂತೆ ಅವಳು ಇನ್ನಷ್ಟು ತಳ್ಳಿ ಹಾಡಿದಳು. ಈ ಗಡಿಬಿಡಿಯಲ್ಲಿ ತಂಬೂರಿಯನ್ನು ಮಾನಿಟರಿಗೆ ಕೊಡಲು ಯಾರಿಗೂ ನೆನಪಾಗಲಿಲ್ಲ. ಕಛೇರಿಯ ಉದ್ದಕ್ಕೂ ಯಮನ್‌ನ ನಿಷಾದ ಮತ್ತು ತೀವ್ರ ಮಧ್ಯಮ ಒಂದೆಳೆ ಏರಿಯೇ ಇದ್ದವು. ಮುನ್ನೂರು ಜನರಲ್ಲಿ ಎಷ್ಟು ಮಂದಿಗೆ ತಿಳಿಯಿತೋ, ಪಕ್ಕದಲ್ಲಿ ಪೇಟಿ ಹಿಡಿದು ಕುಳಿತ ನನಗಂತೂ ಪ್ರತಿ ನಿಷಾದವೂ ಕೈಗೆ ಮುಳ್ಳು ತಾಗಿದಂತೆ ಆಗುತ್ತಿತ್ತು.

ದನಿ ತಳ್ಳಿ ಹಾಡುವ ಅಭ್ಯಾಸದ ಬೇರು ಕೂಡ ಪಾಠಗಳ ರೆಕಾರ್ಡಿಂಗಿನಲ್ಲಿ ಸಿಕ್ಕಿತು. ಕರೆಯ ಆ್ಯಪ್ ಬೇಡದ ಸದ್ದನ್ನು ಅಳಿಸುವುದಲ್ಲದೆ ಜೋರು-ಮೆಲುವಿನ ಅಂತರವನ್ನೂ ತಾನೇ ಸರಿದೂಗಿಸುತ್ತದೆ. ಮೆಲುದನಿಯ ಮೀಂಡಿನ (ಸ್ವರದಿಂದ ಸ್ವರಕ್ಕೆ ಜಾರುವ ಎಳೆಯ) ಬಾಲ ಅದರ ಹೊಸಿಲಿಗಿಂತ ಕೆಳಗಿಳಿದ ಕೂಡಲೇ ಕತ್ತರಿಸಿ ಹೋಗುತ್ತದೆ. ಗುರುಗಳಿಗೆ ಗಂಧಾರದಿಂದ ಷಡ್ಜಕ್ಕೆ ಇಳಿಯುವ ಎಳೆ ಅರ್ಧಕ್ಕೇ ನಿಂತಂತೆ ಕೇಳಿಸುತ್ತಿತ್ತು. "ಯವ್ವಾ, ದನಿ ಮುಟ್ಟವಲ್ದು, ಬಿಚ್ಚಿ ಹಾಡು" ಎಂಬ ಮಾತು ಎರಡನೆಯ ವರ್ಷದಿಂದ ಹೆಚ್ಚುತ್ತದೆ. ದನಿ ಬಿಚ್ಚಿ ಹಾಡು ಎಂಬುದು ಗುರುಗಳ ಒಳ್ಳೆಯ ಉಪದೇಶವೇ. ಇಲ್ಲಿ ಮಾತ್ರ ಅದು ಯಂತ್ರ ನುಂಗಿದ ದನಿಗೆ ಸಿಕ್ಕ ಉಪದೇಶವಾಯಿತು. ಅವಳು ಮೆಲುವಾಗಿ ಹಾಡಬೇಕಾದಲ್ಲಿಯೂ ಒತ್ತಿ ಹಾಡಿದಳು, ಒತ್ತಿದ ದನಿ ಶ್ರುತಿಯಲ್ಲಿ ಏರುವುದು ಹೆಚ್ಚಿನ ಗಾಯಕರಲ್ಲಿ ಕಾಣುವ ಸಂಗತಿ. ಅವಳ ತಂಬೂರಿ ಅತ್ತ ಕೇಳಿಸದಿದ್ದುದರಿಂದ ಆ ಏರಿಕೆಯೂ ಗುರುಗಳಿಗೆ ತಿಳಿಯಲಿಲ್ಲ.

ಗೋವಾ: ಹತ್ತು ಗಂಟೆಯ ಗಡಿ

ಫೋಂಡಾ ತಾಲ್ಲೂಕಿನ ಒಂದು ದೇವಸ್ಥಾನದ ಅಂಗಳದಲ್ಲಿ ಮೂರನೆಯ ಕಛೇರಿ. ಮಡಗಾಂವ್ ಮತ್ತು ವಾಸ್ಕೋದಿಂದ ಕನ್ನಡದವರೂ ಬಂದಿದ್ದರು. ಅವಳಿಗೆ ಒಂದು ಗಂಟೆಯ ಅವಧಿ ಹೇಳಿದ್ದರು. ಪೂಜೆ, ಸನ್ಮಾನ, ಹಿಂದಿನ ಕಲಾವಿದರು ಇವೆಲ್ಲ ಮುಗಿದು ಅವಳು ಕುಳಿತಾಗ ಒಂಬತ್ತೂ ಇಪ್ಪತ್ತು. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವರ್ಷಕ್ಕೆ ಹದಿನೈದು ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ಸರಕಾರಕ್ಕೆ ಇದೆಯಾದರೂ ಅಂದು ಅಂಥ ಸಡಿಲಿಕೆ ಇರಲಿಲ್ಲ. ಒಂದು ಕಾಲಕ್ಕೆ ಬೆಳಗಿನವರೆಗೂ ನಡೆಯುತ್ತಿದ್ದ ಪುಣೆಯ ಸವಾಯಿ ಗಂಧರ್ವ ಉತ್ಸವದ ಸ್ವರೂಪವೇ ಈ ನಿಯಮದಿಂದ ಬದಲಾಯಿತು, ಬೆಳಗಿನ ಜಾವದ ರಾಗಗಳನ್ನು ಅವುಗಳ ಹೊತ್ತಿನಲ್ಲಿ ವೇದಿಕೆಯ ಮೇಲೆ ಕೇಳುವುದು ಅಪರೂಪವಾಯಿತು ಎಂಬುದನ್ನು ನೋವಿನಿಂದಲೇ ನೆನೆಯುತ್ತೇನೆ.

ಅರವತ್ತು ನಿಮಿಷಕ್ಕೆ ಸಿದ್ಧವಾಗಿದ್ದ ರಾಗವನ್ನು ನಲವತ್ತಕ್ಕೆ ಇಳಿಸುವುದು ಹೇಗೆಂದು ಅವಳಿಗೆ ತಿಳಿದಿರಲಿಲ್ಲ. ಅವಳ ಪಾಠಗಳಿಗೆ ಮೊದಲೂ ಕೊನೆಯೂ ನಿಗದಿಯಾಗಿದ್ದವು, ಯಾರೂ ನಡುವೆ ಬಂದು ಹೊತ್ತಾಯಿತೆಂದು ಹೇಳಿರಲಿಲ್ಲ. ವಿಲಂಬಿತದಲ್ಲಿ ರೂಢಿಯ ಪ್ರಕಾರ ಒಂದೊಂದೇ ಸ್ವರ ಹತ್ತುತ್ತ ಹೋದಳು. ತಾರ ಷಡ್ಜ ಮುಟ್ಟುವ ಹೊತ್ತಿಗೆ ಒಂಬತ್ತೂ ನಲವತ್ತೈದು ದಾಟಿತ್ತು.

ಅದೇ ಹೊತ್ತಿಗೆ ಮಂಜು ಬೀಳತೊಡಗಿ ತಬಲಾದ ಮೇಲಿನ ಚರ್ಮ ತೇವಗೊಂಡು ಶ್ರುತಿ ಇಳಿಯಿತು. ತಬಲಾದವರು ಎಡಗೈಯಿಂದ ಠೇಕಾ ಉಳಿಸಿಕೊಂಡು ಬಲಗೈಯಿಂದ ಸುತ್ತಿಗೆ ತೆಗೆದುಕೊಂಡರು. ಇಂಥ ಗಳಿಗೆಯಲ್ಲಿ ಗಾಯಕಿ ಬಂದಿಶಿನ ಮುಖಡಾ (ಮತ್ತೆ ಮತ್ತೆ ಮರಳುವ ಮೊದಲ ಸಾಲು) ಬಿಟ್ಟು ಒಂದು ದೀರ್ಘ ಆಲಾಪಕ್ಕೆ ಸರಿದು, ಅವರು ಷಡ್ಜ ಕೂಡಿಸಿಕೊಳ್ಳುವವರೆಗೆ ಹಾಡನ್ನು ಹಿಡಿದಿಡಬೇಕು. ಸಭೆಗೆ ಅದು ಗೊತ್ತೇ ಆಗಬಾರದು. ಅವಳು ಕಣ್ಣು ಮುಚ್ಚಿದ್ದಳು, ಸುತ್ತಿಗೆ ಎತ್ತಿದ್ದನ್ನು ಕಾಣಲಿಲ್ಲ. ಠೇಕಾ ತೆಳುವಾದದ್ದು ಕಿವಿಗೆ ಬಿದ್ದ ಕೂಡಲೇ ಅವಳೂ ನಿಂತುಬಿಟ್ಟಳು. ನಾಲ್ಕು ಸೆಕೆಂಡಿನ ಮೌನ ಅದು. ನಾನು ಪೇಟಿಯಲ್ಲಿ ಅದೇ ರಾಗದ ಒಂದು ಚಲನೆ ಹಿಡಿದು ತುಂಬಿಸಿದೆ. ದ್ರುತಕ್ಕೆ ಆರು ನಿಮಿಷ ಉಳಿಯಿತು. ಜನ ಕಾದಿದ್ದ ದಾಸರ ಪದ ಆಗಲೇ ಇಲ್ಲ, ಹತ್ತಕ್ಕೆ ಸರಿಯಾಗಿ ಮೈಕು ಬಂದಾಯಿತು. ವಸತಿಗೆ ಮರಳುವ ಗಾಡಿಯಲ್ಲಿ ಅವಳು ಅತ್ತಳು. ತಾಯಿ ಏನೂ ಹೇಳದೆ ತಂಬೂರಿಯ ಗವಸಣಿಗೆಯ ಗುಂಡಿ ಹಾಕುತ್ತ ಕುಳಿತರು.

ಧಾರವಾಡದ ಹನ್ನೆರಡು ದಿನ

ನಾಲ್ಕನೆಯ ಕಛೇರಿಗೆ ಐದು ವಾರ ಇತ್ತು. ರೆಕಾರ್ಡಿಂಗುಗಳನ್ನೂ ಚಪ್ಪಾಳೆಯ ಲೆಕ್ಕವನ್ನೂ ಗುರುಗಳ ಮುಂದೆ ಇಟ್ಟಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ತಪ್ಪಿಲ್ಲದ್ದನ್ನ ನಾ ತಿದ್ದೀನಿ" ಎಂದರು. ಎಪ್ಪತ್ತು ಸಮೀಪಿಸಿದ ಗುರುವೊಬ್ಬರು ಶಿಷ್ಯೆಯ ಎದುರು ಇಷ್ಟು ನೇರವಾಗಿ ನುಡಿದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ಅದೇ ವಾರ ಅವಳು ತಾಯಿಯೊಂದಿಗೆ ಧಾರವಾಡಕ್ಕೆ ಹೋಗಿ ಹನ್ನೆರಡು ದಿನ ಗುರುಗಳ ಮನೆಯಲ್ಲಿಯೇ ಉಳಿದಳು.

ಅಲ್ಲಿ ಹೊಸ ರಾಗವೊಂದನ್ನೂ ಅವರು ಹೇಳಿಕೊಡಲಿಲ್ಲ. ಬೆಳಿಗ್ಗೆ ಮೆಲುದನಿಯ ಖರ್ಜ (ಮಂದ್ರ ಸ್ವರಗಳ ಅಭ್ಯಾಸ), ಮಧ್ಯಾಹ್ನ ಊರಿನ ಒಬ್ಬ ತರುಣ ತಬಲಾವಾದಕನ ಜೊತೆ ಒಂದೇ ಛೋಟಾ ಖಯಾಲ್. ಆ ತರುಣನಿಗೆ ಗುರುಗಳ ಸೂಚನೆ, ಅವಳು ಎಷ್ಟೇ ತಳ್ಳಿದರೂ ಬಗ್ಗಬೇಡ ಎಂದು. ನಾಲ್ಕು ದಿನಗಳ ಬಳಿಕ ಸೂಚನೆ ಬದಲಾಯಿತು: ಈಗ ಬೇಕಂತಲೇ ಸ್ವಲ್ಪ ಓಡು, ಅವಳು ನಿನ್ನನ್ನು ಹಿಡಿದು ನಿಲ್ಲಿಸಲಿ. ಒಂಬತ್ತನೆಯ ದಿನದ ರೆಕಾರ್ಡಿಂಗಿನಲ್ಲಿ ಏಳು ನಿಮಿಷದ ದ್ರುತ ಆರಂಭದ ಲಯದಲ್ಲಿಯೇ ಮುಗಿಯುತ್ತದೆ.

ಹತ್ತನೆಯ ದಿನ ಗುರುಗಳದೇ ಒಂದು ಬೈಠಕ್ಕು (ಆಪ್ತ ಕಛೇರಿ) ಇತ್ತು. ಅವಳನ್ನು ಹಿಂದೆ ತಂಬೂರಿಗೆ ಕೂರಿಸಿದರು. ಎರಡು ಗಂಟೆ ನಾಲ್ಕು ತಂತಿ ಮೀಟುತ್ತ ಕುಳಿತು ಅವಳು ಕಂಡದ್ದನ್ನು ನನಗೆ ಪತ್ರದಂತೆ ಬರೆದು ಕಳಿಸಿದಳು. ಗುರುಗಳು ಮೈಕಿನವರಿಗೆ ಮೊದಲು ಕೇಳಿದ್ದು ತಂಬೂರಿ, ತಮ್ಮ ದನಿಯನ್ನು ಕಡೆಗೆ ಕೇಳಿದರು, ಅದೂ ಸ್ವಲ್ಪವೇ. ಸಮ್‌ಗೆ ಎರಡು ಮಾತ್ರೆ ಮೊದಲು ಅವರ ಮುಖ ಪ್ರತಿ ಸಲವೂ ತಬಲಾದ ಕಡೆ ಹೊರಳುತ್ತಿತ್ತು. ಸಂಘಟಕರು ಬಾಗಿಲ ಬಳಿ ಕೈಗಡಿಯಾರ ನೋಡಿಕೊಂಡದ್ದನ್ನು ಕಂಡ ಕೂಡಲೇ ಬಡತ್ ನಡುವಿನಿಂದ ನೇರವಾಗಿ ಪಂಚಮಕ್ಕೆ ಹಾರಿದರು, ಆದರೆ ಕೇಳುವವರಿಗೆ ಅದು ಹಾರಿದಂತೆ ಅನ್ನಿಸಲಿಲ್ಲ. ನಾಲ್ಕು ವರ್ಷದ ಪಾಠದಲ್ಲಿ ಅವಳು ಗುರುಗಳ ಮುಖ ನೋಡಿದ್ದಳು. ಅವರ ಬೆನ್ನ ಹಿಂದೆ ಕುಳಿತದ್ದು ಇದೇ ಮೊದಲು.

ಈಗಿನ ಏರ್ಪಾಡು

ಆನ್‌ಲೈನ್ ಪಾಠವನ್ನು ಬಿಟ್ಟಿಲ್ಲ, ಬಿಡುವ ಕಾರಣವೂ ಇಲ್ಲ. ಆದರೆ ಅದರ ರೀತಿ ಬದಲಾಗಿದೆ. ಕರೆಯ ಆ್ಯಪ್‌ನಲ್ಲಿ ಸದ್ದು ಅಳಿಸುವ, ದನಿ ಸರಿದೂಗಿಸುವ ಆಯ್ಕೆಗಳನ್ನು ಮುಚ್ಚಿ, ಸಂಗೀತಕ್ಕೆಂದೇ ಇರುವ ‘ಒರಿಜಿನಲ್ ಸೌಂಡ್’ ಆಯ್ಕೆಯನ್ನು ತೆರೆದಿದ್ದಾರೆ. ವೈಫೈ ಬದಲು ತಂತಿಯ ಸಂಪರ್ಕ, ಬ್ಲೂಟೂತ್ ಬದಲು ತಂತಿಯ ಇಯರ್‌ಫೋನ್, ಅದೂ ಒಂದೇ ಕಿವಿಗೆ. ತಂಬೂರಿ ಮತ್ತು ಠೇಕಾ ಯಾವಾಗಲೂ ಹಾಡುವವರ ಕಡೆಯೇ ಇರಬೇಕು ಎಂಬುದು ಮುಖ್ಯ ನಿಯಮ. ಆಗ ದನಿಯೂ ಠೇಕಾವೂ ಒಂದೇ ಕಂತೆಯಲ್ಲಿ ಹೋಗುತ್ತವೆ, ತಡವಾದರೂ ಕೂಡಿಯೇ ತಲುಪುತ್ತವೆ. ಪರದೆಯ ಮೇಲೆ ಇಬ್ಬರೂ ಏಕಕಾಲಕ್ಕೆ ಹಾಡುವುದಿಲ್ಲ. ಒಬ್ಬರು ಹಾಡಿ ನಿಲ್ಲಿಸಿದ ಮೇಲೆ ಇನ್ನೊಬ್ಬರು. ಕಳಿಸುವ ಫೈಲಿನಲ್ಲಿ ಠೇಕಾ ಕೇಳಿಸಲೇಬೇಕು. ಪ್ರತಿ ಭಾನುವಾರ ಅವಳು ಠಾಣೆಯ ತಬಲಾದವರ ಮನೆಗೆ ಹೋಗುತ್ತಾಳೆ, ಯಾವ ಆ್ಯಪ್ ಇಲ್ಲದೆ ಎರಡು ಗಂಟೆ ಕೂಡಿ ಕೂರುತ್ತಾರೆ. ತಿಂಗಳಿಗೊಮ್ಮೆ ನಾನೂ ಪುಣೆಯಿಂದ ಹೋಗುತ್ತೇನೆ. ಆಗ ಒಂದೇ ರಾಗವನ್ನು ಇಪ್ಪತ್ತು, ನಲವತ್ತು, ಅರವತ್ತು ನಿಮಿಷಕ್ಕೆ ಬೇರೆ ಬೇರೆಯಾಗಿ ಹಾಡಿಸುತ್ತೇವೆ. ನಡುವೆ ಒಮ್ಮೆ, ಮುನ್ಸೂಚನೆ ಇಲ್ಲದೆ, ತಬಲಾದವರು ಸುತ್ತಿಗೆ ಎತ್ತುತ್ತಾರೆ.

ಫೆಬ್ರವರಿಯಲ್ಲಿ ಮಾಟುಂಗಾದ ಒಂದು ಚಿಕ್ಕ ಸಭಾಗೃಹದಲ್ಲಿ ನಾಲ್ಕನೆಯ ಕಛೇರಿ ನಡೆಯಿತು. ಸೌಂಡ್ ಚೆಕ್ಕಿನಲ್ಲಿ ಅವಳು ಮೊದಲು ತಂಬೂರಿ ಕೇಳಿದಳು, ಆಮೇಲೆ ತಬಲಾ, ಕೊನೆಗೆ ತನ್ನ ದನಿ. ಮಾನಿಟರನ್ನು ಮೈಕಿನ ನೇರ ಬೆನ್ನಿಗೆ ಸರಿಸಲು ಹೇಳಿದಳು, ಏಕೆಂದರೆ ಅಲ್ಲಿದ್ದ ಕಾರ್ಡಿಯಾಯ್ಡ್ ಬಗೆಯ ಮೈಕು ಬೆನ್ನ ಕಡೆಯಿಂದ ಬರುವ ದನಿಯನ್ನು ಎಲ್ಲಕ್ಕಿಂತ ಕಡಿಮೆ ಹಿಡಿಯುತ್ತದೆ. ಈ ಮಾತನ್ನು ಆನ್‌ಲೈನ್ ತರಗತಿಯಲ್ಲಿ ಓದಿದ್ದಳು, ಬೇಕಾದಾಗ ನೆನಪಿಗೆ ತಂದುಕೊಂಡದ್ದು 4ನೇ ಕಛೇರಿಯಲ್ಲಿ. ಭೀಮಪಲಾಸದ ದ್ರುತದಲ್ಲಿ ಲಯ ಕೊಂಚ ಏರಿತು, ಕಛೇರಿಯಲ್ಲಿ ಏರಬೇಕಾದಷ್ಟೇ ಏರಿತು. ಗೋವಾದಲ್ಲಿ ಉಳಿದುಹೋಗಿದ್ದ ದಾಸರ ಪದವನ್ನೂ ಹಾಡಿ ಮುಗಿಸಿದಳು.

ಒಂದು ಕೊರತೆ ಇನ್ನೂ ಉಳಿದಿದೆ. ಆಲಾಪದಲ್ಲಿ ಮುಳುಗಿದಾಗ ಅವಳ ಕಣ್ಣು ಈಗಲೂ ಮುಚ್ಚುತ್ತದೆ, ಸಮ್‌ನ ಹೊತ್ತಿಗೆ ತೆರೆಯುವುದು ಒಮ್ಮೊಮ್ಮೆ ತಡವಾಗುತ್ತದೆ. ಮಾಟುಂಗಾದ ವಿಡಿಯೊ ನೋಡಿದ ಗುರುಗಳು ಆ ರಾತ್ರಿ ಫೋನಿನಲ್ಲಿ ಗಾಯನದ ಬಗ್ಗೆ ಒಂದು ಮಾತೂ ಆಡದೆ, "ಮುಂದಿನ ತಿಂಗಳು ನನ್ನ ಬೈಠಕ್ಕು ಐತಿ, ತಂಬೂರಿಗೆ ನೀನ ಬಾ" ಎಂದರು. ಅವಳು ಟಿಕೆಟ್ ತೆಗೆದಿದ್ದಾಳೆ.